ಹಿನ್ನೀರಿನಲ್ಲಿ ಹತ್ತು ದಿನ: ಎಲ್ಲವನ್ನೂ ಕಳೆದುಕೊಂಡ ಇಬ್ನು ಬತೂತರ ದೋಣಿಯಾನ

ಇಬ್ನು ಬತೂತ ಎಂದೊಡನೆ ಮರುಭೂಮಿಯ ಒಂಟೆಸಾಲುಗಳೂ ಮಹಾಸಾಗರದ ಹಡಗುಗಳೂ ನಮ್ಮ ಕಣ್ಮುಂದೆ ಬರುತ್ತವೆ. ಮೊರೊಕ್ಕೋದ ಟಾಂಜಿಯರ್ ನಗರದಲ್ಲಿ 1304ರಲ್ಲಿ ಜನಿಸಿ, 1325ರಲ್ಲಿ ಹಜ್ಜ್ ಯಾತ್ರೆಗೆಂದು ಮನೆ ಬಿಟ್ಟ ಈ ವಿದ್ವಾಂಸರು ಸುಮಾರು ಮೂರು ದಶಕ ಲೋಕ ಸುತ್ತಿದರು. ಆದರೆ ಅವರ ಬದುಕಿನ ಅತ್ಯಂತ ನಿಸ್ಸಹಾಯಕ ದಿನಗಳಲ್ಲಿ ಕೆಲವು ಕಳೆದದ್ದು ನಮ್ಮ ನೆರೆಯ ಮಲಬಾರಿನ ಒಳನಾಡು ಜಲಮಾರ್ಗದ ಒಂದು ದೋಣಿಯಲ್ಲಿ.

ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಚೀನಾದ ಚಕ್ರವರ್ತಿಗೆ ಅಪಾರ ಉಡುಗೊರೆಗಳನ್ನು ಕಳುಹಿಸುವಾಗ ಇಬ್ನು ಬತೂತರನ್ನು ರಾಯಭಾರಿಯಾಗಿ ನೇಮಿಸಿದ್ದರು. 1342ರಲ್ಲಿ ದೆಹಲಿ ಬಿಟ್ಟ ತಂಡ ಕಲ್ಲಿಕೋಟೆಗೆ ತಲುಪಿ, ಅನುಕೂಲ ಗಾಳಿಗಾಗಿ ಮೂರು ತಿಂಗಳು ಕಾಯಿತು. ಆಗ ಆ ಬಂದರಿನಲ್ಲಿ 13 ಚೀನೀ ಹಡಗುಗಳಿದ್ದವು. ಉಡುಗೊರೆಗಳು ದೊಡ್ಡ ಹಡಗನ್ನೇರಿದವು. ಇಬ್ನು ಬತೂತರ ಸಾಮಾನುಗಳೂ ಅವರ ಜನರೂ ‘ಕಕಮ್’ ಎಂಬ ಚಿಕ್ಕ ಹಡಗಿನಲ್ಲಿದ್ದರು. ಜುಮುಆ ನಮಾಝ್ ನಿರ್ವಹಿಸಲೆಂದು ಅವರು ಮಾತ್ರ ದಡದಲ್ಲೇ ಉಳಿದರು. ಅಷ್ಟರಲ್ಲಿ ಸಮುದ್ರ ಕೆರಳಿತು. ಉಡುಗೊರೆಗಳನ್ನು ಹೊತ್ತ ಹಡಗು ಒಡೆದು ಅದರಲ್ಲಿದ್ದವರು ಮೃತಪಟ್ಟರು. ಅದನ್ನು ಕಂಡ ಕಕಮ್‌ನ ನಾವಿಕರು ಹಾಯಿ ಬಿಚ್ಚಿ ಹೊರಟೇಹೋದರು. ಜೊತೆಗಿದ್ದ ವಿಮುಕ್ತ ಗುಲಾಮನೂ ಅವರನ್ನು ತೊರೆದನು. ಸುಲ್ತಾನನ ರಾಯಭಾರಿಯ ಬಳಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಒಂದು ಹಾಸು ಮಾತ್ರ.

ಕಕಮ್ ಕೊಲ್ಲಂ ಬಂದರಿಗೆ ಬಂದೇ ಬರುತ್ತದೆ ಎಂದು ಜನರು ಹೇಳಿದಾಗ ಅವರು ಅಲ್ಲಿಗೆ ಹೊರಟರು. ನೆಲದ ಮೇಲಾಗಲಿ ನೀರಿನ ಮೇಲಾಗಲಿ ಅದು ಹತ್ತು ದಿನಗಳ ಹಾದಿ. ಅವರು ನೀರನ್ನೇ ಆರಿಸಿಕೊಂಡು, ಹಾಸನ್ನು ಹೊರಲು ಒಬ್ಬ ಮುಸ್ಲಿಮ್ ಕೂಲಿಯಾಳನ್ನು ಗೊತ್ತುಮಾಡಿದರು. ಅವರು ಈ ಮಾರ್ಗವನ್ನು ನದಿಯೆಂದೇ ಕರೆದಿದ್ದಾರೆ. ವಾಸ್ತವದಲ್ಲಿ ಅಲ್ಲಿ ಪಶ್ಚಿಮ ಘಟ್ಟದಿಂದ ಇಳಿದ ನದಿಗಳು ಕಡಲಿಗೆ ಸಮಾನಾಂತರವಾಗಿ ಹರಡಿದ ಹಿನ್ನೀರುಗಳನ್ನು ಸೇರುತ್ತವೆ. ನಡುವೆ ವಿಶಾಲವಾದ ವೆಂಬನಾಡು ಸರೋವರ, ಕೊಲ್ಲಂನ ಬಳಿ ಅಷ್ಟಮುಡಿ. ಮರಳ ದಿಬ್ಬಗಳು ಕಡಲಿನ ಅಬ್ಬರವನ್ನು ತಡೆಯುವುದರಿಂದ ಹೊರಗೆ ಬಿರುಗಾಳಿಯಿದ್ದರೂ ಒಳಗೆ ದೋಣಿ ಸಾಗಬಲ್ಲದು.

ಹಗಲು ಪ್ರಯಾಣ, ಸಂಜೆಯಾದೊಡನೆ ದಡದ ಹಳ್ಳಿಯಲ್ಲಿ ತಂಗಿ ಮುಂಜಾನೆ ಮತ್ತೆ ದೋಣಿಗೆ ಮರಳುವುದು ಅಲ್ಲಿನ ರೂಢಿ. ಆ ಕೂಲಿಯಾಳಿನ ಹೊರತು ದೋಣಿಯಲ್ಲಿ ಬೇರೆ ಮುಸ್ಲಿಮರಿರಲಿಲ್ಲ. ಅವನೋ ದಡ ಸೇರಿದೊಡನೆ ಇತರರೊಂದಿಗೆ ಮದ್ಯ ಸೇವಿಸಿ ಇವರೊಡನೆ ಜಗಳಕ್ಕಿಳಿಯುತ್ತಿದ್ದನು. ಮನಸ್ಸಿನ ದುಃಖ ಇದರಿಂದ ಇಮ್ಮಡಿಯಾಯಿತು. ಐದನೆಯ ದಿನ ಬೆಟ್ಟದ ಮೇಲಿನ ಒಂದು ಊರು ಸಿಕ್ಕಿತು. ಅಲ್ಲಿದ್ದವರು ಯಹೂದಿಯರು, ತಮ್ಮದೇ ಮುಖ್ಯಸ್ಥನನ್ನು ಹೊಂದಿದ್ದ ಅವರು ಕೊಲ್ಲಂನ ಅರಸನಿಗೆ ಕಪ್ಪ ಸಲ್ಲಿಸುತ್ತಿದ್ದರು. ದಂಡೆಯುದ್ದಕ್ಕೂ ದಾಲ್ಚಿನ್ನಿ ಮರಗಳಿದ್ದವು. ಅರಬ್ ನಾಡಿನಲ್ಲಿ ಬೆಲೆಬಾಳುವ ಆ ಮರವನ್ನು ಇಲ್ಲಿ ಸೌದೆಯಾಗಿ ಉರಿಸುತ್ತಿದ್ದರು.

ಹತ್ತನೆಯ ದಿನ ತಲುಪಿದ ಕೊಲ್ಲಂನಲ್ಲಿ ಶ್ರೀಮಂತ ಮುಸ್ಲಿಮ್ ವರ್ತಕರೂ ಖಾಝಿಯೂ ಭವ್ಯವಾದ ಜಾಮಿಅ್ ಮಸೀದಿಯೂ ಇದ್ದವು. ಅರಸನು ಮುಸ್ಲಿಮನಲ್ಲದಿದ್ದರೂ ಮುಸ್ಲಿಮರಿಗೆ ಗೌರವವಿತ್ತು. ಇಬ್ನು ಬತೂತರಿಗೆ ಶೈಖ್ ಫಖ್ರುದ್ದೀನರ ಖಾನ್‌ಕಾಹ್‌ನಲ್ಲಿ ಆಸರೆ ದೊರೆಯಿತು. ಅವರೊಂದಿಗೆ ಹೊರಟು ಹಡಗೊಡೆದು ಪಾರಾಗಿದ್ದ ಚೀನೀ ರಾಯಭಾರಿಗಳೂ ಅಲ್ಲಿಗೆ ಬಂದರು. ಅವರಿಗೆ ಅಲ್ಲಿದ್ದ ಚೀನೀ ವರ್ತಕರು ಬಟ್ಟೆಬರೆ ಕೊಟ್ಟು ಸ್ವದೇಶಕ್ಕೆ ಕಳುಹಿಸಿದರು. ಕಕಮ್ ಮಾತ್ರ ಬರಲೇ ಇಲ್ಲ. ಅದು ಸುಮಾತ್ರಾ ತಲುಪಿ ಅಲ್ಲಿ ಎಲ್ಲವೂ ವಶವಾಯಿತೆಂಬ ಸುದ್ದಿ ಬಹಳ ನಂತರ ತಿಳಿಯಿತು.

ದೆಹಲಿಗೆ ಮರಳಲು ಸುಲ್ತಾನನ ಭಯವಿತ್ತು. ಆಗ ಅವರಿಗೆ ಆಶ್ರಯವಾದದ್ದು ನಮ್ಮ ಹೊನ್ನಾವರ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದುದನ್ನು ಅವರು ದಾಖಲಿಸಿದ್ದಾರೆ. ಅಲ್ಲಿನ ಸುಲ್ತಾನ್ ಜಮಾಲುದ್ದೀನರ ಆಶ್ರಯದಲ್ಲಿ, ಮಸೀದಿಯಲ್ಲಿ ಕುಳಿತು ದಿನಕ್ಕೊಮ್ಮೆ, ಬಳಿಕ ದಿನಕ್ಕೆರಡು ಬಾರಿ ಕುರ್‌ಆನ್ ಪೂರ್ಣಗೊಳಿಸುತ್ತಾ ಅವರು ದಿನ ಕಳೆದರು.

ಮಲಬಾರಿನ ಹೆದ್ದಾರಿಯ ಬಗ್ಗೆ ಅವರು ಬರೆದ ಒಂದು ಸಂಗತಿಯನ್ನು ಇದರೊಂದಿಗೆ ಸೇರಿಸಿ ಓದಬೇಕು. ಅರ್ಧ ಮೈಲಿಗೊಂದರಂತೆ ಮರದ ತಂಗುಮನೆ, ಅದರೊಳಗೆ ಜಗಲಿ, ಪಕ್ಕದಲ್ಲಿ ಬಾವಿ. ನೀರು ಕೊಡಲು ಒಬ್ಬ ಹಿಂದೂ ವ್ಯಕ್ತಿ. ಊಟ ಮತ್ತು ವಸತಿಗೆ ಅಲ್ಲಲ್ಲಿ ನೆಲೆಸಿದ್ದ ಮುಸ್ಲಿಮರ ಮನೆಗಳು. ಆ ಮನೆಗಳಿಲ್ಲದಿದ್ದರೆ ಮುಸ್ಲಿಮನೊಬ್ಬನಿಗೆ ಆ ನಾಡಿನಲ್ಲಿ ಸಂಚಾರವೇ ಅಸಾಧ್ಯವಾಗಿತ್ತೆಂದು ಅವರು ಒಪ್ಪಿಕೊಳ್ಳುತ್ತಾರೆ.

ಝಕಾತ್‌ಗೆ ಅರ್ಹರಾದವರಲ್ಲಿ ಪವಿತ್ರ ಕುರ್‌ಆನ್ ದಾರಿಹೋಕನನ್ನೂ ಹೆಸರಿಸಿದೆ. ಊರಿನಲ್ಲಿ ಧನಿಕನಾದವನೂ ದಾರಿಯಲ್ಲಿ ಬರಿಗೈಯಾಗಬಹುದು ಎಂಬುದಕ್ಕೆ ಈ ಹತ್ತು ದಿನಗಳಿಗಿಂತ ಸ್ಪಷ್ಟ ನಿದರ್ಶನ ಬೇಕೇ? ಕಲ್ಲಿಕೋಟೆಯಲ್ಲಿ ಕನೋಲಿ ಕಾಲುವೆ 1848ರಲ್ಲಿ ಬಂತು. ಇಂದು ಕೊಲ್ಲಂನಿಂದ ಕಲ್ಲಿಕೋಟೆಯವರೆಗಿನ ಜಲಮಾರ್ಗ ರಾಷ್ಟ್ರೀಯ ಜಲಮಾರ್ಗ 3 ಎನಿಸಿದೆ. ಕಾಲುವೆಗಳನ್ನು ಸರಕಾರಗಳು ತೋಡುತ್ತವೆ. ದಡದಲ್ಲಿ ಇಳಿದ ಅಪರಿಚಿತನಿಗೆ ಬಾಗಿಲು ತೆರೆಯುವ ಹೊಣೆ ಮಾತ್ರ ಇಂದಿಗೂ ದಡದ ಮನೆಯವರದೇ. ಆಸ್ಪತ್ರೆಗೆಂದೋ ಓದಿಗೆಂದೋ ಕೂಲಿಗೆಂದೋ ನಮ್ಮ ಊರುಗಳಿಗೆ ಬರುವ ಪರಸ್ಥಳದವರು ನಮ್ಮ ಕುರಿತು ಏನು ಬರೆದಾರು ಎಂದು ನಾವು ಯೋಚಿಸಬೇಕಾಗಿದೆ.