ಕಳೆಯಂತ್ರದ ಗಾಯ (ಮಕ್ಕಳ ಕಾಲು, ಪಾದ)

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಮಕ್ಕಳ ಕಾಲಿಗೆ ಅಪಾಯ ತರುವುದು ಅಡಿಕೆ ತೋಟದ ಕಳೆ ಕತ್ತರಿಸುವ ಯಂತ್ರ, ಗದ್ದೆಯ ಪವರ್ ಟಿಲ್ಲರ್. ತಿರುಗುವ ಅಲಗು ಚರ್ಮ, ಸ್ನಾಯು, ಮೂಳೆಗಳನ್ನು ಒಟ್ಟಿಗೇ ಸೀಳಿ ಮಣ್ಣು, ಗೊಬ್ಬರ, ಹುಲ್ಲಿನ ಚೂರುಗಳನ್ನು ಒಳಕ್ಕೆ ತುರುಕುತ್ತದೆ. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಲೇಬಾರದು. ಶುಭ್ರ ಬಟ್ಟೆಯಿಂದ ಒತ್ತಿಹಿಡಿದು 108ಕ್ಕೆ ಕರೆ ಮಾಡಬೇಕು. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಕೂಡದು. ಆ್ಯಂಟಿಬಯಾಟಿಕ್, ಧನುರ್ವಾಯು ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗಲಿ. ದೊಡ್ಡ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಇಂಥ ಕೊಳೆಗಾಯವನ್ನು ಮೊದಲ ದಿನವೇ ಹೊಲಿದು ಮುಚ್ಚುವ ಆತುರ ಸಲ್ಲದು. ಸತ್ತ ಅಂಗಾಂಶ ತೆಗೆದು, 24–48 ಗಂಟೆಗಳಲ್ಲಿ ಮತ್ತೆ ತೊಳೆಯಬೇಕಾಗುತ್ತದೆ. ಮೂಳೆಯ ಬೆಳವಣಿಗೆಯ ಭಾಗಕ್ಕೆ ಪೆಟ್ಟಾಗಿದ್ದರೆ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಆದ್ದರಿಂದ ಗಾಯ ಮಾಯ್ದ ಮೇಲೂ ಮಗು ಪೂರ್ತಿ ಬೆಳೆಯುವವರೆಗೆ ಮೂಳೆತಜ್ಞರ ತಪಾಸಣೆ ನಡೆಯಬೇಕು.