25 ಮಾರು ಬಲೆ

1984ರ ಮೇ 25ರಂದು ಕೆನಡಾ ದೇಶದ ಪಶ್ಚಿಮ ಅಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಫ್ರೇಸರ್ ನದಿ ಸಮುದ್ರ ಸೇರುವಲ್ಲಿನ ಒಂದು ಕವಲಿನಲ್ಲಿ, ರೊನಾಲ್ಡ್ ಸ್ಪ್ಯಾರೋ ಎಂಬವರು ಬಲೆ ಬಿಟ್ಟು ಸಾಲ್ಮನ್ ಹಿಡಿಯುತ್ತಿದ್ದರು. ಅವರು ಮಸ್ಕ್ವಿಯಂ ಎಂಬ ಮೂಲನಿವಾಸಿ ಸಮುದಾಯದವರು. ಮೀನುಗಾರಿಕಾ ಅಧಿಕಾರಿಗಳು ಬಂದು ಬಲೆಯ ಉದ್ದ ಅಳೆದರು. 45 ಮಾರು ಇತ್ತು. ಸಮುದಾಯಕ್ಕೆ ಕೊಟ್ಟಿದ್ದ ಪರವಾನಗಿಯಲ್ಲಿ 25 ಮಾರು ಎಂದು ಬರೆದಿತ್ತು. ಮೊಕದ್ದಮೆ ದಾಖಲಾಯಿತು.

ಸ್ಪ್ಯಾರೋ ತಪ್ಪಿಸಿಕೊಳ್ಳಲು ನೋಡಲಿಲ್ಲ. ಬಲೆ ಉದ್ದವಿದ್ದದ್ದು ನಿಜ ಎಂದು ಒಪ್ಪಿಕೊಂಡರು. ಅವರು ಎತ್ತಿದ ಪ್ರಶ್ನೆ ಬೇರೆಯದು: ಇಲ್ಲಿ ಎಷ್ಟು ಉದ್ದದ ಬಲೆ ಬಿಡಬೇಕೆಂದು ನಮಗೆ ಹೇಳುವ ಅಧಿಕಾರ ನಿಮಗೆ ಎಲ್ಲಿಂದ ಬಂತು? ಮಸ್ಕ್ವಿಯಂ ಜನ ಯಾವ ದೊರೆಗೂ ಭೂಮಿ ಬರೆದುಕೊಟ್ಟವರಲ್ಲ, ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ. ಕನಿಷ್ಠ 1500 ವರ್ಷಗಳಿಂದ ಅವರು ಆ ನದೀಮುಖದಲ್ಲಿ ನೆಲೆಸಿದ್ದಾರೆ ಎಂದು ಮಾನವಶಾಸ್ತ್ರಜ್ಞ ವೇಯ್ನ್ ಸಟಲ್ಸ್ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. 20 ಮಾರು ಹೆಚ್ಚಿನ ಬಲೆಯ ಈ ಮೊಕದ್ದಮೆ ಆರು ವರ್ಷ ನಡೆದು ಕೆನಡಾದ ಸುಪ್ರೀಂ ಕೋರ್ಟನ್ನು ತಲುಪಿತು. ಇಂದು ಆ ಕರಾವಳಿಯಲ್ಲಿ ಮೂಲನಿವಾಸಿಗಳ ಸಾಮುದಾಯಿಕ ಮೀನುಗಾರಿಕೆ ಯಾವ ದಿನ ತೆರೆಯಬೇಕು, ಯಾವ ಗಂಟೆಗೆ ಮುಚ್ಚಬೇಕು ಎಂಬ ಪ್ರತಿಯೊಂದು ಆದೇಶದ ಹಿಂದೆಯೂ ಆ ಬಲೆಯ ನೆರಳಿದೆ.

‘ತೆರೆಯುವುದು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಸಾಲ್ಮನ್ ಹಿಡಿಯುವ ನೀರು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಸರಕಾರದ ಮೀನುಗಾರಿಕಾ ಇಲಾಖೆ ಒಂದು ಪ್ರಕಟಣೆ ಹೊರಡಿಸಿ ಇಂತಿಂಥ ಪ್ರದೇಶ, ಇಂತಿಂಥ ಜಾತಿಯ ಮೀನು, ಇಷ್ಟು ಉದ್ದದ ಬಲೆ, ಇಷ್ಟು ಅಗಲದ ಕಣ್ಣು, ಈ ಹೊತ್ತಿನಿಂದ ಆ ಹೊತ್ತಿನವರೆಗೆ ಎಂದು ಹೇಳಿದ ಮೇಲೆಯೇ ದೋಣಿ ಇಳಿಸಬಹುದು. ಕೆಲವೊಮ್ಮೆ ಅದು ದಿನಗಳ ಲೆಕ್ಕದಲ್ಲಿರುತ್ತದೆ, ಕೆಲವೊಮ್ಮೆ ಗಂಟೆಗಳ ಲೆಕ್ಕದಲ್ಲಿ. ಹಿಡಿಯಬಾರದ ಜಾತಿ ಬಲೆಗೆ ಬಿದ್ದರೆ ಜೀವಂತ ಬಿಡಬೇಕು. ಹಿಡಿದದ್ದನ್ನು ಲೆಕ್ಕ ಒಪ್ಪಿಸಬೇಕು. ಓದುವವರಿಗೆ ಇದು ಒಣ ಕಾಗದ. ಆದರೆ ನಾವು ಈ ಕಾಗದವನ್ನು ಇತಿಹಾಸದ ದಾಖಲೆಯಂತೆ ಓದಲು ಹೊರಟರೆ ಅದರ ಒಂದೊಂದು ಪದದ ಕೆಳಗೂ ಒಂದೊಂದು ಹಳೆಯ ಗಾಯ ಕಾಣಿಸುತ್ತದೆ.

ಮೊದಲು ಮೀನಿನ ಮಾತು. ನಮ್ಮ ಮೀನು ಮಾರುಕಟ್ಟೆಗಳಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಕರೆಯುವ ರಾವಸ್‌ಗೂ ಈ ಸಾಲ್ಮನ್‌ಗೂ ಸಂಬಂಧವಿಲ್ಲ. ಇದು ಹುಟ್ಟುವುದು ಬೆಟ್ಟದ ಸಿಹಿನೀರಿನಲ್ಲಿ, ಬೆಳೆಯುವುದು ಶಾಂತಸಾಗರದಲ್ಲಿ. ಕೆಲವು ವರ್ಷಗಳ ಬಳಿಕ ಹುಟ್ಟಿದ ಹೊಳೆಗೇ ಮರಳಿ, ಮೊಟ್ಟೆಯಿಟ್ಟು ಸಾಯುತ್ತದೆ. ಸುಮಾರು 1375 ಕಿಲೋಮೀಟರ್ ಉದ್ದದ ಫ್ರೇಸರ್ ನದಿಯಲ್ಲಿ ಏರುವ ಒಂದೇ ಹಿಂಡು ಹತ್ತಾರು ಸಮುದಾಯಗಳ ಊರನ್ನು ದಾಟಿ ಹೋಗಬೇಕು. ಕೆಳಗಿನವರು ಅತಿಯಾಗಿ ಹಿಡಿದರೆ ಮೇಲಿನವರಿಗೆ ಊಟವಿಲ್ಲ, ಎಲ್ಲರೂ ಅತಿಯಾಗಿ ಹಿಡಿದರೆ ಮುಂದೆ ಯಾರಿಗೂ ಇಲ್ಲ. ಹೀಗಾಗಿ ಈ ಮೀನಿಗೆ ನಿಯಮ ಬೇಕೇ ಬೇಕು.

ನಿಯಮ ಸರಕಾರ ಬರುವ ಮೊದಲೂ ಇತ್ತು. ಕರಾವಳಿಯ ಸೇಲಿಷ್ ಜನರಲ್ಲಿ ಋತುವಿನ ಮೊದಲ ಸಾಲ್ಮನ್ನನ್ನು ವಿಧಿಪೂರ್ವಕ ಬೇಯಿಸಿ ಎಲ್ಲರೂ ಹಂಚಿ ತಿಂದು, ಮೂಳೆಗಳನ್ನು ನೀರಿಗೆ ಮರಳಿಸಿದ ಮೇಲೆಯೇ ಉಳಿದ ಬೇಟೆ. ಅದೂ ಒಂದು ‘ತೆರೆಯುವಿಕೆ’ಯೇ. ಫ್ರೇಸರ್ ಕಣಿವೆಯಲ್ಲಿ ಬಲೆ ಅದ್ದುವ ಬಂಡೆಗಳು ಇಂತಿಂಥ ಕುಟುಂಬದ್ದೆಂದು ಗೊತ್ತುಪಡಿಸಲಾಗಿತ್ತು. ಉತ್ತರದಲ್ಲಿ, ಸ್ಕೀನಾ ನದಿಯ ಉಪನದಿಯಾದ ಬಾಬೀನ್‌ನಲ್ಲಿ, ಜನ ನದಿಗೆ ಅಡ್ಡಲಾಗಿ ಗೂಟ ಹೊಡೆದು ತಡಿಕೆಯ ಬೇಲಿ ಕಟ್ಟುತ್ತಿದ್ದರು. ಅದು ಕುಲದ ಹಿರಿಯರ ಉಸ್ತುವಾರಿಯಲ್ಲಿರುತ್ತಿತ್ತು. ಸಾಕಷ್ಟು ಸಿಕ್ಕಿತೆಂದರೆ ತಡಿಕೆ ತೆಗೆದರಾಯಿತು, ಉಳಿದ ಮೀನು ಮೇಲೆ ಹೋಗುತ್ತದೆ. ಹಿಡಿಯುವ ಸಾಧನವೇ ಬಿಡುವ ಸಾಧನವೂ ಆಗಿತ್ತು.

1870ರ ದಶಕದಲ್ಲಿ ಸಾಲ್ಮನ್ನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ನದೀಮುಖಗಳಲ್ಲಿ ತಲೆಯೆತ್ತಿದವು. ಅವುಗಳಿಗೆ ಮೂಲನಿವಾಸಿಗಳ ದುಡಿಮೆ ಬೇಕಿತ್ತು, ಅವರ ಹಕ್ಕು ಬೇಕಿರಲಿಲ್ಲ. 1888ರ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಕೊಂಡಿತು: ‘ಇಂಡಿಯನ್ನರು’ ತಮ್ಮ ಆಹಾರಕ್ಕಾಗಿ ಮೀನು ಹಿಡಿಯಬಹುದು, ಆದರೆ ಮಾರುವಂತಿಲ್ಲ, ವಿನಿಮಯ ಮಾಡುವಂತಿಲ್ಲ. (ಕೊಲಂಬಸ್ ದಾರಿ ತಪ್ಪಿ ಇಟ್ಟ ನಮ್ಮ ಹೆಸರು ಆ ಜನರ ಮೇಲೆ ಕಾನೂನಾಗಿ ಕೂತಿರುವುದು ಇತಿಹಾಸದ ಒಂದು ವಿಚಿತ್ರ; ‘ಇಂಡಿಯನ್ ಆಕ್ಟ್’ ಎಂಬ 1876ರ ಕಾನೂನು ಆ ದೇಶದಲ್ಲಿ ಇಂದಿಗೂ ಇದೆ.) ‘ಆಹಾರದ ಮೀನು’, ‘ಮಾರಾಟದ ಮೀನು’ ಎಂಬ ಈ ವಿಭಜನೆ ಆ ಜನರ ಬದುಕಿನಿಂದ ಬಂದದ್ದಲ್ಲ. 1827ರಲ್ಲಿ ಫ್ರೇಸರ್ ದಡದಲ್ಲಿ ಫೋರ್ಟ್ ಲ್ಯಾಂಗ್ಲಿ ಕಟ್ಟಿದ ಹಡ್ಸನ್ಸ್ ಬೇ ಕಂಪೆನಿ ಸ್ಟೋಲೋ ಜನರಿಂದಲೇ ಸಾಲ್ಮನ್ ಕೊಂಡು, ಉಪ್ಪು ಹಾಕಿ ಪೀಪಾಯಿಗಳಲ್ಲಿ ಹವಾಯಿ ದ್ವೀಪಗಳಿಗೆ ಕಳಿಸುತ್ತಿತ್ತು. ಕಂಪೆನಿಗೆ ಬೇಕಾಗಿದ್ದಾಗ ಅವರು ವ್ಯಾಪಾರಿಗಳು, ಕಾರ್ಖಾನೆಗಳಿಗೆ ಬೇಡವಾದಾಗ ಹೊಟ್ಟೆಪಾಡಿನವರು!

ಬಾಬೀನ್‌ನ ಬೇಲಿಗಳ ಮೇಲೆ ಕಣ್ಣು ಬಿದ್ದದ್ದು 1904ರಲ್ಲಿ. ಸ್ಕೀನಾ ನದೀಮುಖದ ಕಾರ್ಖಾನೆಗಳ ದೂರಿನ ಮೇರೆಗೆ ಹೋದ ಅಧಿಕಾರಿ ಹಾನ್ಸ್ ಹೆಲ್ಗೆಸನ್ ಆ ಬೇಲಿಗಳನ್ನು ಕಿತ್ತುಹಾಕಿಸಿದರು. ಮೀನಿನ ಸಂತತಿ ನಾಶವಾಗುತ್ತಿದೆ ಎಂಬುದು ಕಾರಣ. ಶತಮಾನಗಳಿಂದ ಆ ಬೇಲಿಗಳ ಮೇಲಿಂದ ಏರುತ್ತಿದ್ದ ಮೀನು, ಕೆಳಗೆ ಕಾರ್ಖಾನೆಗಳ ಬಲೆಗಳು ಬಂದ ಮೇಲೆ ಕಡಿಮೆಯಾದರೆ ತಪ್ಪು ಬೇಲಿಯದ್ದೇ? ಈ ಪ್ರಶ್ನೆಯನ್ನು ಅಂದು ಕೇಳುವವರಿರಲಿಲ್ಲ. ಜನ ಬೇಲಿಯನ್ನು ಮತ್ತೆ ಕಟ್ಟಿದರು, ಘರ್ಷಣೆ ನಡೆಯಿತು, ಬಂಧನಗಳಾದವು. ಕೊನೆಗೆ 1906ರಲ್ಲಿ ಮುಖಂಡರು ಒಟ್ಟಾವಾವರೆಗೆ ಹೋಗಿ ಮಾತಾಡಿ, ಬೇಲಿಗೆ ಬದಲಾಗಿ ಬಲೆ ಮತ್ತಿತರ ನೆರವು ಪಡೆಯುವ ರಾಜಿಗೆ ಬಂದರು. ಬೇಲಿ ಆರಿಸುತ್ತದೆ, ಬೇಡದ್ದನ್ನು ಜೀವಂತ ಬಿಡುತ್ತದೆ. ಬಲೆ ಸಿಕ್ಕಿದ್ದನ್ನು ಕೊಲ್ಲುತ್ತದೆ. ಸಂರಕ್ಷಣೆಯ ಹೆಸರಿನಲ್ಲಿ ಕೈಗೆ ಬಂದದ್ದು ಬಲೆ.

ಇಂಥದ್ದೇ ಮತ್ತೊಂದು 1914ರಲ್ಲಿ ನಡೆಯಿತು. ಫ್ರೇಸರ್ ಕಣಿವೆಯ ಹೆಲ್ಸ್ ಗೇಟ್ ಎಂಬ ಇಕ್ಕಟ್ಟಿನಲ್ಲಿ ರೈಲು ಹಳಿಗಾಗಿ ಸಿಡಿಸಿದ ಬಂಡೆಗಳು ನದಿಗೆ ಉರುಳಿ, ಮೀನಿನ ದಾರಿ ಮುಚ್ಚಿತು. ಸ್ಥಳೀಯ ಜನ ಬುಟ್ಟಿಗಳಲ್ಲಿ ಮೀನು ಹೊತ್ತು ಮೇಲ್ಭಾಗಕ್ಕೆ ದಾಟಿಸಿದರು. ಕಲ್ಲು ಉರುಳಿಸಿದ್ದು ರೈಲು ಕಂಪೆನಿ, ನಿರ್ಬಂಧ ಬಿದ್ದದ್ದು ಕಣಿವೆಯ ಮೂಲನಿವಾಸಿಗಳ ಬಲೆಗಳ ಮೇಲೆ.

ನ್ಯಾಯಾಲಯಕ್ಕೆ ಹೋಗಬಹುದಿತ್ತಲ್ಲ ಎನ್ನಬಹುದು. 1927ರಿಂದ 1951ರವರೆಗೆ ಭೂಮಿಯ ಹಕ್ಕಿನ ಹೋರಾಟಕ್ಕೆಂದು ಹಣ ಸಂಗ್ರಹಿಸುವುದೇ ಅಪರಾಧವಾಗಿತ್ತು. 1885ರಿಂದ 1951ರವರೆಗೆ ಪಾಟ್ಲ್ಯಾಚ್ ಎಂಬ, ಇದ್ದದ್ದನ್ನು ನೆರೆದವರಿಗೆಲ್ಲ ಹಂಚುವ ಸಾಮುದಾಯಿಕ ಕೂಟವೂ ನಿಷಿದ್ಧವಾಗಿತ್ತು. ಈಗಿನ ಪರವಾನಗಿಗಳಲ್ಲಿ ‘ಆಹಾರ, ಸಾಮಾಜಿಕ ಮತ್ತು ವಿಧಿಯಾಚರಣೆಯ ಉದ್ದೇಶಕ್ಕಾಗಿ’ ಎಂಬ ಮಾತು ಬರುತ್ತದೆ. ಯಾವ ವಿಧಿಗಳಿಗಾಗಿ ಒಂದು ಕಾಲದಲ್ಲಿ ಜೈಲಿಗೆ ಹಾಕಿದ್ದರೋ ಅವೇ ವಿಧಿಗಳಿಗೆ ಇಂದು ಮೀನಿನ ಪರವಾನಗಿ.

ಇಷ್ಟು ಹಿನ್ನೆಲೆಯೊಂದಿಗೆ ಸ್ಪ್ಯಾರೋ ಅವರ ಬಲೆಗೆ ಮರಳೋಣ. 1982ರಲ್ಲಿ ಕೆನಡಾದ ಹೊಸ ಸಂವಿಧಾನ ಕಾಯ್ದೆಯ 35ನೇ ವಿಧಿ ಮೂಲನಿವಾಸಿಗಳ ‘ಇರುವ’ ಹಕ್ಕುಗಳನ್ನು ಮಾನ್ಯ ಮಾಡಿತು. ನೂರು ವರ್ಷಗಳ ನಿಯಮಗಳಿಂದ ಆ ಹಕ್ಕು ಸತ್ತುಹೋಗಿದೆ ಎಂಬುದು ಸರಕಾರದ ವಾದ. 1990ರ ಮೇ 31ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ನಿಯಂತ್ರಿಸಿದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ ಎಂದಿತು. ಜೊತೆಗೆ ಒಂದು ಸರದಿಯನ್ನೂ ಹೇಳಿತು. ಮೊದಲು ಮೀನಿನ ಸಂತತಿಯ ಉಳಿವು. ಅದಾದ ಕೂಡಲೇ ಮೂಲನಿವಾಸಿಗಳ ಆಹಾರ ಮತ್ತು ವಿಧಿಗಳ ಮೀನು. ಆಮೇಲೆ ವ್ಯಾಪಾರಿಗಳು ಮತ್ತು ಹವ್ಯಾಸಿಗಳು. ಉಳಿದ ಮೀನು ಮೂಲನಿವಾಸಿಗಳ ಊಟಕ್ಕೆ ಮಾತ್ರ ಸಾಕಾಗುವಷ್ಟಿದ್ದರೆ ಅಷ್ಟೂ ಅವರಿಗೇ. ಹಕ್ಕನ್ನು ಮೊಟಕುಗೊಳಿಸುವುದಾದರೆ ಸಮರ್ಥನೆಯ ಹೊಣೆ ಸರಕಾರದ್ದು, ಅವರೊಂದಿಗೆ ಸಮಾಲೋಚಿಸಿದ್ದೀರಾ ಎಂಬುದಕ್ಕೂ ಅದು ಉತ್ತರಿಸಬೇಕು. 25 ಮಾರಿನ ಮಿತಿ ಈ ಒರೆಗೆ ನಿಲ್ಲುತ್ತದೆಯೇ ಎಂದು ನೋಡಲು ಮೊಕದ್ದಮೆಯನ್ನು ಮರುವಿಚಾರಣೆಗೆ ಕಳಿಸಲಾಯಿತು.

ತೀರ್ಪಿನ ಬೆನ್ನಿಗೆ 1993ರಲ್ಲಿ ಸಾಮುದಾಯಿಕ ಪರವಾನಗಿಯ ನಿಯಮಾವಳಿ ಬಂತು. ಪರವಾನಗಿ ಸಿಗುವುದು ವ್ಯಕ್ತಿಗಲ್ಲ, ಸಮುದಾಯದ ಸಂಸ್ಥೆಗೆ. ಯಾರು ಬಲೆ ಬಿಡಬೇಕು, ಯಾವ ದೋಣಿ ಹೋಗಬೇಕು ಎಂದು ಹೆಸರಿಸುವುದಕ್ಕೆ ಅಲ್ಲಿ ಅವಕಾಶವಿದೆ. ಹಿಡಿದದ್ದು ಹಿರಿಯರಿಗೆ, ವಿಧವೆಯರಿಗೆ, ದೋಣಿಯಿಲ್ಲದ ಮನೆಗಳಿಗೆ ಹಂಚಿಹೋಗುತ್ತದೆ. ಸಾಲ್ಮನ್‌ಗೆ ಗಂಟೆಗಳ ಲೆಕ್ಕವಾದರೆ ಕಡಲ ತಳದ ಮೀನುಗಳಾದ ಹ್ಯಾಲಿಬಟ್, ಲಿಂಗ್‌ಕಾಡ್, ರಾಕ್‌ಫಿಶ್‌ಗಳಿಗೆ ಬೇರೆಯೇ ಲೆಕ್ಕ. ಅವು ಹಿಂಡು ಕಟ್ಟಿ ನದಿಗೆ ಬರುವುದಿಲ್ಲ. ಹಾಗಾಗಿ ಗಡಿಯಾರಕ್ಕಿಂತ ತೂಕ ಮತ್ತು ಜಾಗ ಮುಖ್ಯ. ರಾಕ್‌ಫಿಶ್‌ನ ಕೆಲವು ಜಾತಿಗಳು ನೂರು ವರ್ಷ ದಾಟಿ ಬದುಕುತ್ತವೆ. ಆಳದಿಂದ ಎಳೆದರೆ ಒಳಗಿನ ಗಾಳಿಚೀಲ ಉಬ್ಬುವುದರಿಂದ ಮರಳಿ ಬಿಟ್ಟರೂ ಹೆಚ್ಚಿನವು ಬದುಕವು. ಆದ್ದರಿಂದ 2000ದ ದಶಕದಲ್ಲಿ 164 ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿ ವಾಣಿಜ್ಯ ಮತ್ತು ಹವ್ಯಾಸಿ ಗಾಳಗಳನ್ನು ದೂರವಿಟ್ಟರು. ಮೂಲನಿವಾಸಿಗಳ ಊಟದ ಮೀನಿಗೆ ಅಲ್ಲಿ ಅವಕಾಶ ಉಳಿಯಿತು. ಸ್ಪ್ಯಾರೋ ತೀರ್ಪಿನ ಸರದಿಯೇ ಇದು.

ಆದರೆ 1888ರ ಆ ಗೆರೆ ಮಾತ್ರ ಸುಲಭವಾಗಿ ಅಳಿಯಲಿಲ್ಲ. 1987ರಲ್ಲಿ ಸ್ಟೋಲೋ ಸಮುದಾಯದ ಡೊರೊಥಿ ವಾನ್ ಡರ್ ಪೀಟ್ ಎಂಬ ಮಹಿಳೆ 10 ಸಾಲ್ಮನ್‌ಗಳನ್ನು 50 ಡಾಲರಿಗೆ ಮಾರಿದರು. ಅದು ಅಪರಾಧವೇ ಎಂಬ ಪ್ರಶ್ನೆಗೆ 1996ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಹೌದೆಂದಿತು. ಯುರೋಪಿಯನ್ನರ ಸಂಪರ್ಕಕ್ಕೆ ಮೊದಲೇ ವ್ಯಾಪಾರ ಅವರ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿತ್ತೆಂದು ಸಾಬೀತಾಗಿಲ್ಲವಂತೆ. ಫೋರ್ಟ್ ಲ್ಯಾಂಗ್ಲಿಯ ವ್ಯಾಪಾರ ಕಂಪೆನಿ ಬಂದ ನಂತರದ್ದಂತೆ. ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ದಾಖಲಿಸಿದರು. ನಮಗಂತೂ ಈ ತರ್ಕ ಒಪ್ಪಿಗೆಯಾಗುವುದಿಲ್ಲ. ಒಂದು ಜನಾಂಗದ ಹಕ್ಕನ್ನು ಇನ್ನೊಬ್ಬರು ಬಂದಿಳಿದ ದಿನಾಂಕಕ್ಕೆ ಮೊಳೆ ಹೊಡೆದು ನಿಲ್ಲಿಸಿದರೆ ಬಂದವರು ಮಾತ್ರ ಬೆಳೆಯುವವರು, ಇದ್ದವರು ವಸ್ತುಸಂಗ್ರಹಾಲಯದ ಬೊಂಬೆಗಳು ಎಂದಾಗುತ್ತದೆ. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ಹೈಲ್ಟ್ಸುಕ್ ಜನರಿಗೆ ಕಡಲಪಾಚಿಯ ಮೇಲಿನ ಹೆರಿಂಗ್ ಮೊಟ್ಟೆ ಮಾರುವ ಹಕ್ಕು ಮಾನ್ಯವಾಯಿತು. 2009ರಲ್ಲಿ ವ್ಯಾಂಕೂವರ್ ದ್ವೀಪದ ಐದು ನೂಚಾನಲ್ತ್ ಸಮುದಾಯಗಳು ಮೀನು ಹಿಡಿದು ಮಾರುವ ಹಕ್ಕನ್ನು ಪ್ರಾಂತದ ನ್ಯಾಯಾಲಯದಲ್ಲಿ ಗೆದ್ದವು, ಅದರ ಜಾರಿಗಾಗಿ ಮತ್ತೆ ವರ್ಷಗಟ್ಟಲೆ ಅಲೆದವು.

ಮಾರುವ ಅವಕಾಶ ಪ್ರಯೋಗಕ್ಕೆಂದು ಕೊಟ್ಟಾಗ ಏನಾಯಿತು? 1998ರ ಆಗಸ್ಟ್ 19ರ ಬೆಳಿಗ್ಗೆ 7ರಿಂದ ಮರುದಿನ 7ರವರೆಗೆ, 24 ಗಂಟೆಗಳ ಕಾಲ, ಫ್ರೇಸರ್ ನದೀಮುಖವನ್ನು ಮೂರು ಸಮುದಾಯಗಳಿಗಷ್ಟೇ ತೆರೆಯಲಾಯಿತು. ಇದು ಜನಾಂಗ ನೋಡಿ ಮಾಡಿದ ತಾರತಮ್ಯ ಎಂದು ಬಿಳಿಯರೂ ಸೇರಿದಂತೆ ಇತರ ವಾಣಿಜ್ಯ ಮೀನುಗಾರರು ಪ್ರತಿಭಟಿಸಿ, ನಿಷೇಧ ಮುರಿದು ಬಲೆ ಬಿಟ್ಟರು. ಸಮಾನತೆಯ ಮಾತು ಎಷ್ಟು ಬೇಗ ನೆನಪಾಗುತ್ತದೆ ನೋಡಿ! ಅವರ ಜೀವನೋಪಾಯದ ಆತಂಕ ಸುಳ್ಳಲ್ಲ. ದೋಣಿಯ ಸಾಲ ಅವರಿಗೂ ಇದೆ. ಆದರೆ ನೂರು ವರ್ಷ ಒಬ್ಬರಿಗಷ್ಟೇ ಮುಚ್ಚಿದ್ದ ಬಾಗಿಲು ಯಾರಿಗೂ ತಾರತಮ್ಯವಾಗಿ ಕಂಡಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು, ಹಿಂದುಳಿಸಲ್ಪಟ್ಟವರ ಸ್ಥಿತಿ ಸುಧಾರಿಸುವ ಇಂಥ ಕ್ರಮ ಸಮಾನತೆಗೆ ವಿರುದ್ಧವಲ್ಲ ಎಂದು ಹೇಳಿ ಪ್ರತಿಭಟನಾಕಾರರ ಮೇಲ್ಮನವಿ ತಳ್ಳಿಹಾಕಿತು.

ಈ ನಡುವೆ ಮೀನೇ ಕೈಕೊಡುತ್ತಿದೆ. 2009ರಲ್ಲಿ ಒಂದು ಕೋಟಿಗೂ ಹೆಚ್ಚು ಸಾಕ್‌ಐ ಸಾಲ್ಮನ್ ಫ್ರೇಸರಿಗೆ ಬರುವ ನಿರೀಕ್ಷೆಯಿತ್ತು. ಬಂದದ್ದು ಸುಮಾರು 15 ಲಕ್ಷ. ನ್ಯಾಯಮೂರ್ತಿ ಕೋಹೆನ್ ನೇತೃತ್ವದ ಆಯೋಗ ತನಿಖೆ ನಡೆಸಿ 2012ರಲ್ಲಿ ವರದಿ ಕೊಟ್ಟಿತು, ಯಾವುದೋ ಒಂದೇ ಕಾರಣವೆಂದು ಅದಕ್ಕೆ ಬೆರಳು ತೋರಿಸಲಾಗಲಿಲ್ಲ. 2019ರಲ್ಲಿ ಬಿಗ್ ಬಾರ್ ಎಂಬಲ್ಲಿ ಬಂಡೆಕುಸಿತ ಪತ್ತೆಯಾಯಿತು, 2020ರಲ್ಲಿ ನದಿಗೆ ಮರಳಿದ ಸಾಕ್‌ಐ ಮೂರು ಲಕ್ಷದಷ್ಟೂ ಇರಲಿಲ್ಲ. ಸರದಿಯಲ್ಲಿ ಎರಡನೆಯವರಾಗಿ ನಿಲ್ಲುವ ಹಕ್ಕು ಕೈಯಲ್ಲಿದೆ, ಆದರೆ ಮೊದಲನೆಯವನಾದ ಮೀನಿಗೇ ಸಾಲದಿದ್ದರೆ ಬಾಗಿಲು ತೆರೆಯುವ ಪ್ರಶ್ನೆಯೇ ಬರುವುದಿಲ್ಲ.

ಬಾಗಿಲು ತೆರೆಯಬೇಕೇ ಎಂದು ತಿಳಿಯಲು ಮೀನು ಎಣಿಸಬೇಕು. ಫ್ರೇಸರ್‌ನ ಮಿಷನ್ ಎಂಬಲ್ಲಿ ಶಬ್ದದ ಅಲೆಗಳಿಂದ ಎಣಿಸುತ್ತಾರೆ. ಬಾಬೀನ್‌ನಲ್ಲಿ? ಅಲ್ಲಿ ಹಳೆಯ ಬೇಲಿ ಕಿತ್ತ ನಾಲ್ಕು ದಶಕಗಳ ನಂತರ, 1946ರಲ್ಲಿ, ಸರಕಾರವೇ ನದಿಗೆ ಅಡ್ಡಲಾಗಿ ಒಂದು ಬೇಲಿ ಹಾಕಿಸಿತು. ಅದರ ಸಣ್ಣ ಗೇಟುಗಳ ಮೂಲಕ ಹಾದುಹೋಗುವ ಮೀನುಗಳನ್ನು ಜಾತಿವಾರು ಒಂದೊಂದಾಗಿ ಎಣಿಸುತ್ತಾರೆ. ಈಗ ಆ ಬೇಲಿಯ ಮೇಲೆ ನಿಂತು ಎಣಿಸುವ ಕೆಲಸದಲ್ಲಿರುವವರು ಬಾಬೀನ್ ಸಮುದಾಯದವರೇ.