ಸತು ಉಳಿಸೋಕೆ ಕತ್ತರಿಸಿದ ತಂತಿ

ಹಡಗಿನ ತಳದ ತಾಮ್ರ ಉಳಿಯಬೇಕಾ? ಸತುವನ್ನೋ ಕಬ್ಬಿಣವನ್ನೋ ಅಂಟಿಸಿ, ಸಮುದ್ರ ಅದನ್ನ ತಿನ್ನಲಿ ಅಂತ 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಹೇಳಿದ. ಇವತ್ತಿಗೂ ಎಷ್ಟೋ ದೋಣಿಗಳಿಗೆ ಸತುವೇ ಕಾವಲು. ದಡದಿಂದ ಕರೆಂಟ್ ಎಳೆದ ಮೇಲೆ ತಕರಾರು ಶುರುವಾಯ್ತು. ಅರ್ತಿಂಗ್ ತಂತಿಯಿಂದ ಅಕ್ಕಪಕ್ಕದ ದೋಣಿಗಳೆಲ್ಲ ಸೇರಿ ಒಂದು ಬ್ಯಾಟರಿಯಾದವು. ನಮ್ಮ ಸತು ಪಕ್ಕದವನಿಗಾಗಿ ಸವೆಯತೊಡಗಿತು. ಕೆಲವರು ಆ ತಂತಿಯನ್ನೇ ಕತ್ತರಿಸಿದರು. ಆಫೀಸಲ್ಲಿ ಅಲರ್ಟ್ ಕಿರಿಕಿರಿ ಅಂತ ಮ್ಯೂಟ್ ಮಾಡ್ತೀವಲ್ಲ, ಹಾಗೆ. ಸತು ಉಳೀತು. ಆದರೆ ದೋಣಿಯಲ್ಲಿ ಕರೆಂಟ್ ಸೋರಿದರೆ ಇನ್ನು ನೀರೇ ದಾರಿ. ಸಿಹಿನೀರಲ್ಲಂತೂ ನೀರಿಗಿಂತ ಮನುಷ್ಯನ ಮೈಯೇ ಒಳ್ಳೆ ವಾಹಕ. 1999ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ, ದೋಣಿಯೊಂದರಿಂದ ನೀರಿಗೆ ಸೋರಿದ ಕರೆಂಟಿಗೆ ಎಂಟು ವರ್ಷದ ಹುಡುಗ ಸತ್ತ. ಲೈಫ್ ಜಾಕೆಟ್ ಹಾಕಿದ್ದ. ಈಗ ಗ್ಯಾಲ್ವಾನಿಕ್ ಐಸೊಲೇಟರ್ ಸಿಗುತ್ತೆ: ಸತು ತಿನ್ನೋ ಸಣ್ಣ ಕರೆಂಟನ್ನ ತಡೆಯುತ್ತೆ, ಜೀವ ತೆಗೆಯೋದನ್ನ ಅರ್ತಿಗೆ ಬಿಡುತ್ತೆ. ತಂತಿ ಕತ್ತರಿಸಬೇಕಿಲ್ಲ.